ಹೊಗೆಯ ಡಾಕ್ಟರಮ್ಮ

ಸೌದೆ ಒಲೆಯಿಲ್ಲದೆ ಚಳಿಗಾಲ ಕಳೆಯದ ನಮ್ಮ ಮೊಂಟಾನಾ ಕಣಿವೆಯಲ್ಲಿ ಮಾರೆನ್ ಡಾಕ್ಟರಮ್ಮ ಒಬ್ಬರ ನಾಡಿಯನ್ನೂ ಹಿಡಿದವರಲ್ಲ. ಊರಿಗೆ ಊರೇ ಅವರ ರೋಗಿ. ಮನೆಗೆ ಬಂದರೆ ನಮ್ಮ ಮುಖಕ್ಕಿಂತ ಮೊದಲು ಹೊಗೆಗೂಡನ್ನು ನೋಡುತ್ತಾರೆ. ಮದುವೆಯಲ್ಲಿ ಮದುಮಗನ ಕೈ ಕುಲುಕುತ್ತಲೇ, "ಹಸಿ ಸೌದೆ ಉರಿಸ್ಬೇಡಪ್ಪಾ" ಎನ್ನುತ್ತಾರೆ. ವಿಶ್ವವಿದ್ಯಾಲಯದಲ್ಲಿ ಪಾಠ, ಹೊಗೆಯಿಂದ ಬರುವ ಕಾಯಿಲೆಗಳ ಸಂಶೋಧನೆಗೆಂದು ಕಣಿವೆಯಲ್ಲಿ ಅಲೆದಾಟ, ನಡುವೆ ಕಾರಿನಲ್ಲೇ ತಣ್ಣಗಿನ ಊಟ. ಇಷ್ಟು ವರ್ಷಕ್ಕೆ ಅವರ ಕಣ್ಣ ಕೆಳಗೂ ಮಸಿ ಕಟ್ಟಿದೆ. ಈ ಸಲ ಗಾಳಿ ಸೋಸುವ ಯಂತ್ರ ತಂದರು. ಚೀಟಿ ಎತ್ತಿಸಿ ಅರ್ಧ ಮನೆಗಳಿಗೆ ಈಗಲೇ ಕೊಟ್ಟರು, ಉಳಿದರ್ಧಕ್ಕೆ ಮುಂದಿನ ವರ್ಷ. ಎರಡನ್ನೂ ಹೋಲಿಸಿದರೆ ತಾನೆ ಯಂತ್ರದ ಗುಣ ತಿಳಿಯುವುದು? ಕೆಮ್ಮಿ ಕೆಮ್ಮಿ ಬೆನ್ನು ಬಾಗಿದ ಅವರ ತಾಯಿ ಸಿಗ್ರಿಡ್ ಅಜ್ಜಿಯೂ ಎಲ್ಲರಂತೆ ಚೀಟಿ ಎತ್ತಿದಳು. ಬಂದದ್ದು ಮುಂದಿನ ವರ್ಷದ್ದು. ಅಜ್ಜಿಯ ಪಕ್ಕದ ಮನೆಯವನಾದ ನನಗೆ ತಡೆಯಲಾಗಲಿಲ್ಲ. "ಹೆತ್ತವಳಿಗೆ ಒಂದು ತಂದಿಟ್ರೆ ಯಾರು ಕೇಳ್ತಾರೆ ತಾಯಿ?" ಅಂದೆ. ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಅಜ್ಜಿ ಗುಡುಗಿದಳು: "ಬಾಯ್ಮುಚ್ಚೋ ಹಾರ್ಲನ್! ನಿನ್ನ ಬೇಲಿ ನೆಟ್ಟಗೆ ಮಾಡ್ಕೋ ಹೋಗು. ನನ್ನ ಮಗಳ ಕೆಲಸ ಕೆಡಿಸೋಕೆ ಬಂದ್ಬಿಟ್ಟ." ಮಾರನೆಯ ದಿನ ಮಗಳು ಹಾಸಿಗೆ ಸುತ್ತಿಕೊಂಡು ಅಮ್ಮನ ಮನೆಗೆ ಬಂದರು. ಹೊಗೆಯಿಂದ ದೂರವಿರಿ ಎಂದು ಊರಿಗೆಲ್ಲ ಸಾರುವ ಡಾಕ್ಟರಮ್ಮ ಅಂದಿನಿಂದ ಅಮ್ಮನ ಒಲೆಯ ಪಕ್ಕದಲ್ಲೇ ಮಲಗುತ್ತಾರೆ. ಈಗ ಆ ಮನೆಯಿಂದ ಎರಡು ಕೆಮ್ಮು ಕೇಳಿಸುತ್ತದೆ.