ಕೊನೇ ಬೆಂಚಿನ ಕೈ

ಸೂರ್ಯ ಇನ್ನೂ ಕಣ್ಣುಜ್ಜಿಕೊಳ್ತಿರೋ ಹೊತ್ತಿಗೆ ಅಕ್ಕ ನಮ್ಮ ಹೈಸ್ಕೂಲಿನ ಮೂಲೆ ಕೋಣೆ ಬೀಗ ತೆಗೀತಾರೆ. ಮೊದಲ ಕೆಲಸ, ಬೆಂಚುಗಳ ಹಿಂದಿನ ಕಿಟಕಿಗೆ ಹೂವಿನ ಚಿತ್ರದ ಹಳೇ ಬೆಡ್‌ಶೀಟ್ ಕಟ್ಟೋದು. ಇಲ್ಲಾಂದ್ರೆ ಹಿಂದಿನಿಂದ ಬಿಸಿಲು ಹೊಡೆದು ಕ್ಯಾಮೆರಾದಲ್ಲಿ ನಾವೆಲ್ಲ ಬರೀ ಕರೀ ನೆರಳು. ಆಮೇಲೆ ದೊಡ್ಡ ಟಿವಿ ಮೇಲಿರೋ ಕ್ಯಾಮೆರಾ ಒರೆಸಿ, ಮೈಕ್ ಮುಂದೆ ನಿಂತು, "ಸರ್, ಕೇಳಿಸ್ತಿದ್ಯಾ?" ಅಂತಾರೆ. ಪರದೆ ಮೇಲೆ ಆಗ ಕಾಣೋದು ಬರೀ ಖಾಲಿ ಕುರ್ಚಿ.

"ಖಾಲಿ ಕುರ್ಚಿ ಹತ್ರ ಮಾತಾಡಿ ಅಭ್ಯಾಸ ಆದ್ರೆ, ಸರ್ ಬಂದಾಗ ನಾಲಿಗೆ ಒಣಗಲ್ಲ ಕಣೇ," ಅಂತಾರೆ ನಂಗೆ.

ಅಕ್ಕ ನಮ್ಮ ಶಾಲೆಯ ಅಟೆಂಡರ್. ಬೆಲ್ ಹೊಡೀತಾರೆ, ಕೋಣೆ ಗುಡಿಸ್ತಾರೆ, ಬಿದ್ದ ಮಂಡಿಗೆ ಮುಲಾಮು ಹಚ್ಚುತ್ತಾರೆ. ಅದರ ಜೊತೆಗೆ ಈ ವಿಡಿಯೋ ಕ್ಲಾಸು. ಹಳ್ಳೀಲಿ ಕೂತೇ ಪಟ್ಟಣದ ಕಾಲೇಜಿನ ಸ್ಟ್ಯಾಟಿಸ್ಟಿಕ್ಸ್ ಓದೋದು. ಪಾಸಾದ್ರೆ ಅದರ ಕ್ರೆಡಿಟ್ ಈಗಲೇ ಜಮಾ, ಮುಂದೆ ಕಾಲೇಜಿಗೆ ಹೋದಾಗ ಆ ವಿಷಯ ಮತ್ತೆ ಓದಬೇಕಾಗಿಲ್ಲ. ಕಾಲೇಜಿನ ಗೇಟನ್ನೇ ನೋಡದವರಿಗೆ ಇದು ಸಣ್ಣ ವಿಷಯ ಅಲ್ಲ.

ಆದ್ರೆ ಶುರುವಿನಲ್ಲೇ ಇದು ಮುಚ್ಚಿ ಹೋಗ್ತಿತ್ತು. ಕಾರಣ ನಾವೇ. ಪರದೆ ಮೇಲಿನ ಲೆಕ್ಚರರ್ "ಅರ್ಥ ಆಯ್ತಾ?" ಅಂದ್ರೆ ಎಲ್ಲರೂ ತಲೆ ಆಡಿಸ್ತಿದ್ವಿ. ಅಷ್ಟು ದೊಡ್ಡ ಟಿವೀಲಿ ಅಷ್ಟು ದೊಡ್ಡ ಮುಖಕ್ಕೆ "ಇಲ್ಲ" ಅನ್ನೋ ಧೈರ್ಯ ಯಾರಿಗಿದೆ? ಕಡೆಗೆ ಅವರೇ ಬೇಜಾರಾಗಿ, "ಗೋಡೆಗೆ ಪಾಠ ಮಾಡಿದ ಹಾಗಿದೆ, ಹಿಂಗಾದ್ರೆ ನಿಲ್ಲಿಸಿಬಿಡೋಣ" ಅಂದ್ರು.

ಆವತ್ತು ಕೊನೇ ಬೆಂಚಿಂದ ಒಂದು ಕೈ ಮೇಲೆದ್ದಿತು. ಹಸಿರು ಸ್ವೆಟರ್ ತೋಳು, ನಮ್ಮ ಅಕ್ಕಂದು.

"ಸರ್, ನಾನು ಸ್ವಲ್ಪ ಮಂದ. ಸರಾಸರಿ ಹತ್ತು ಅಂದ್ರೆ ಎಲ್ಲರಿಗೂ ಹತ್ತೇ ಬಂದಿದೆ ಅಂತಾನಾ?"

ನಮ್ಮೆಲ್ಲರ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ ಅದು. ಅಲ್ಲಿಂದ ಅಕ್ಕ ದಿನಾ ಕ್ಲಾಸಿಗೊಂದು, ಕೆಲವು ಸಲ ಮೂರು ಪ್ರಶ್ನೆ ಕೇಳ್ತಾರೆ. ನಮಗೆ ಅರ್ಥ ಆಗಿಲ್ಲ ಅಂತ ಹೇಗೆ ಗೊತ್ತಾಗುತ್ತೆ ಅಂದ್ರೆ ನಗ್ತಾರೆ. "ಅರ್ಥ ಆದವರು ಒಂದ್ಸಲ ತಲೆ ಆಡಿಸ್ತಾರೆ. ಆಗದವರು ಆಡಿಸ್ತಾನೇ ಇರ್ತಾರೆ. ನಾನೂ ಹಿಂಗೇ ಆಡಿಸಿ ಆಡಿಸಿ ಹತ್ತನೇ ಕ್ಲಾಸಿನ ಗಣಿತದಲ್ಲಿ ಡುಮ್ಕಿ ಹೊಡೆದೆ."

ಆಮೇಲೆ ಅಕ್ಕನ ಓದು ನಿಂತಿತು. ಅಮ್ಮನಿಗೆ ಕಾಯಿಲೆ, ಮನೇಲಿ ಇಬ್ಬರು ಪುಟ್ಟ ತಮ್ಮಂದಿರು. ಅವರನ್ನ ಓದಿಸಿದ್ದು ಅಕ್ಕಾನೇ. "ಅವರ ಹೋಮ್‌ವರ್ಕ್ ನೋಡೋ ನೆಪದಲ್ಲಿ ಕದ್ದು ಕದ್ದು ಓದ್ತಿದ್ದೆ," ಅಂತಾರೆ, ಬೆಲ್ಲ ಕದ್ದವರ ಥರ.

ಮೊದಲ ಪರೀಕ್ಷೆ ಆದ ಮೇಲೆ ಲೆಕ್ಚರರ್ ಪರದೆ ಮೇಲೆ ಹುಬ್ಬು ಗಂಟು ಹಾಕಿದ್ರು. "ಹಸಿರು ಸ್ವೆಟರ್‌ನವರ ಪೇಪರ್ ಬಂದಿಲ್ವಲ್ಲ?"

"ನಾನು ಅಟೆಂಡರ್ ಸರ್."

ಅವರು ಕ್ಯಾಮೆರಾ ಹತ್ರ ಬಗ್ಗಿದ್ರು, ಟಿವಿ ತುಂಬ ಹುಬ್ಬೇ ಹುಬ್ಬು. "ಮತ್ತೆ ಆ ಪ್ರಶ್ನೆಗಳು?"

"ಮಕ್ಕಳದ್ದು ಸರ್. ಬಾಯಿ ಮಾತ್ರ ನಂದು."

ಇವತ್ತು ಕಾಲೇಜಿನ ಪ್ರಿನ್ಸಿಪಾಲ್ ಮೇಡಂ ಲೆಕ್ಚರರ್ ಪಕ್ಕ ಕೂತು ಕ್ಲಾಸ್ ನೋಡ್ತಾರೆ. ಮೆಚ್ಚಿದ್ರೆ ಮುಂದಿನ ವರ್ಷ ಇನ್ನೊಂದು ವಿಷಯ, ಜೊತೆಗೆ ಅಕ್ಕಪಕ್ಕದ ಮೂರು ಹಳ್ಳಿ ಶಾಲೆಗೂ ಈ ಕೋರ್ಸು. ಇಲ್ಲಾಂದ್ರೆ ಇಲ್ಲಿಗೇ ಮಂಗಳ. ನಮ್ಮ ಹೆಡ್‌ಮಾಸ್ಟರ್ ಬೆಳಿಗ್ಗೇನೇ ಬಂದು, "ಇವತ್ತು ನೀವು ಬಾಯಿ ಬಿಡಬಾರದಮ್ಮ, ಅವರಿಗೆ ಮಕ್ಕಳೇ ಮಾತಾಡಬೇಕಂತೆ" ಅಂತ ಹೇಳಿ ಹೋಗಿದಾರೆ. ಅಕ್ಕ "ಆಯ್ತು ಸರ್" ಅಂದು ಎರಡೂ ಕೈಯನ್ನ ತೊಡೆ ಕೆಳಗೆ ಇಟ್ಕೊಂಡು ಕೂತಿದಾರೆ.

ಪಾಠ ನಾಣ್ಯ ಚಿಮ್ಮೋದರ ಬಗ್ಗೆ: ಹೆಡ್ ಬೀಳೋ ಸಾಧ್ಯತೆ ಅರ್ಧ, ಟೇಲ್ ಬೀಳೋ ಸಾಧ್ಯತೆ ಅರ್ಧ. "ಅರ್ಥ ಆಯ್ತಾ?" ಎಲ್ಲರ ತಲೆ ಆಡ್ತಿದೆ, ಆಡ್ತಾನೇ ಇದೆ. ಮೇಡಂ ಏನೋ ಬರ್ಕೊಳ್ತಾರೆ. ಅಕ್ಕನ ಬಲಗೈ ತೊಡೆ ಕೆಳಗಿಂದ ಹೊರಗೆ ಬರುತ್ತೆ, ಮತ್ತೆ ಒಳಗೆ ಹೋಗುತ್ತೆ.

ಆಗ ಎರಡನೇ ಬೆಂಚಲ್ಲಿ ಗುಬ್ಬಿ ಏಳ್ತಾಳೆ. ಹಾಜರಿ ಕೂಗಿದ್ರೂ ಪಿಸುಗುಟ್ಟೋ ಹುಡುಗಿ ಅವಳು, ಅದಕ್ಕೇ ಆ ಹೆಸರು.

"ಸರ್, ನಾನು ಸ್ವಲ್ಪ ಮಂದ," ಅಂತಾಳೆ, ಥೇಟ್ ಅಕ್ಕನ ರಾಗದಲ್ಲಿ. "ಐದು ಸಲಾನೂ ಹೆಡ್ ಬಿದ್ರೆ, ಆರನೇ ಸಲ ಟೇಲ್ ಬೀಳಲೇಬೇಕಲ್ವಾ?"

"ಯಾಕೆ ಬೀಳಬೇಕು? ನಾಣ್ಯಕ್ಕೆ ನೆನಪಿರುತ್ತಾ?" ಅಂತ ಮೂರನೇ ಬೆಂಚಿನವನು. "ಹಂಗಾದ್ರೆ ಅರ್ಧ ಅರ್ಧ ಅಂದಿದ್ಯಾಕೆ?" ಅಂತ ಕಿಟಕಿ ಪಕ್ಕದವನು. ಐದು ನಿಮಿಷ ಕ್ಲಾಸು ಬಸ್ ಸ್ಟ್ಯಾಂಡ್ ಆಗುತ್ತೆ. ಲೆಕ್ಚರರ್ ನಗ್ತಾ ಜೇಬಿಂದ ನಾಣ್ಯ ತೆಗೀತಾರೆ. ಮೇಡಂ ಪೆನ್ನು ಕೆಳಗಿಟ್ಟು, ತಾವೂ ಒಂದು ಚಿಮ್ಮಿ ನೋಡ್ತಾರೆ.

ಕೊನೇಲಿ ಮೇಡಂ ಹೇಳ್ತಾರೆ: ಮೂರು ಶಾಲೆಗೂ ಸೈ, ಮುಂದಿನ ವರ್ಷದಿಂದ ಕೆಮಿಸ್ಟ್ರಿನೂ ಸೈ. "ಆ ಶಾಲೆಗಳಲ್ಲೂ ಕೊನೇ ಬೆಂಚಲ್ಲಿ ಒಬ್ಬರು ಅಕ್ಕ ಬೇಕಲ್ಲ," ಅಂತ ಲೆಕ್ಚರರ್ ಸೇರಿಸ್ತಾರೆ. ನಾವೆಲ್ಲ ಹಿಂದೆ ತಿರುಗಿ ಚಪ್ಪಾಳೆ ಹೊಡೀತೀವಿ. ಇಷ್ಟು ದಿನ ಬಾಯಿಬಿಟ್ಟು ಒಂದು ಥ್ಯಾಂಕ್ಸೂ ಹೇಳಿರಲಿಲ್ಲ. ಅಕ್ಕ ಮಾತ್ರ ಆಗಲೇ ಎದ್ದು, ನಮಗೆ ಬೆನ್ನು ಹಾಕಿ, ಬೆಡ್‌ಶೀಟ್ ಬಿಚ್ಚೋದರಲ್ಲಿ ಇದಾರೆ. ಆ ಗಂಟು ಬಿಚ್ಚೋಕೆ ಯಾವತ್ತೂ ಅಷ್ಟು ಹೊತ್ತು ಹಿಡಿಯಲ್ಲ.

"ಅಕ್ಕಾ, ಮುಂದಿನ ವರ್ಷಕ್ಕೆ ನಿಮ್ಮ ಆಸೆ ಏನು?" ಅಂತ ನಾನು ಕೇಳ್ತೀನಿ.

ಸ್ವೆಟರ್ ತೋಳಲ್ಲಿ ಕಣ್ಣು ಒರೆಸಿಕೊಂಡು ಈ ಕಡೆ ತಿರುಗ್ತಾರೆ.

"ಕೆಮಿಸ್ಟ್ರಿ ನಂಗೆ ಒಂದಕ್ಷರ ಬರಲ್ಲ ಕಣೇ," ಅಂತಾರೆ. "ಒಳ್ಳೇದೇ ಆಯ್ತು. ಈ ಸಲ ನನ್ನ ಪ್ರಶ್ನೇನೇ ಕೇಳ್ತೀನಿ."