ಯತೀಶನ ಮೂರು ಗಂಟೆಯ ಬೆಂಗಳೂರು

ನಮ್ಮ ಯತೀಶನನ್ನು ಒಂದು ಜಾಗದಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿದವರಿಗೆ ನನ್ನ ಸ್ಟುಡಿಯೋ ಬರೆದುಕೊಡುತ್ತೇನೆ. ಕೊತ್ತತ್ತಿ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಒಂದು ಪೀರಿಯಡ್ಡಿಗೆ ಮೂರು ಸಲ ನೀರು ಕುಡಿಯಲು ಹೋಗುತ್ತಿದ್ದ. ಈಗ ಮೂವತ್ತೆಂಟು ವಯಸ್ಸು, ಮದುವೆಯಾಗಿ ಮಗಳೂ ಇದ್ದಾಳೆ, ಬುದ್ಧಿ ಮಾತ್ರ ಅದೇ. ಮದುವೆ ಮನೆಗೆ ಹೋದರೆ ಮೊದಲ ಪಂಕ್ತಿಯಲ್ಲೇ ಕೂತು, ಪಾಯಸ ಬರುವ ಮೊದಲೇ ಎದ್ದು ಕೈ ತೊಳೆದಿರುತ್ತಾನೆ. "ಇವ್ರು ಕಾಲ್ಗೆ ಚಕ್ರ ಕಟ್ಕಂಡವ್ರೆ ಕಣಣ್ಣ" ಎಂದು ಅವನ ಹೆಂಡತಿ ದೀಪಿಕ ನನ್ನ ಹತ್ತಿರ ದೂರುತ್ತಾಳೆ.

ಚಕ್ರ ಇರುವುದೂ ನಿಜವೇ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಬೆಂಗಳೂರಿಗೆ ಕಾಯಿ ಸಾಗಿಸುವ ಗೂಡ್ಸ್ ಗಾಡಿ ಅವನದು. ಬೆಳಗಿನ ಜಾವ ಲೋಡು ಮಾಡಿಕೊಂಡು ಹೊರಟರೆ ಕೆಂಗೇರಿ ದಾಟುವಷ್ಟರಲ್ಲಿ ಬಿಸಿಲು ಬಂದಿರುತ್ತದೆ. ಅಲ್ಲಿಗೆ ಓಟ ನಿಂತಿತು. ಬೆಳಗಿನ ಟ್ರಾಫಿಕ್ ಇಳಿಯುವ ತನಕ ಗೂಡ್ಸ್ ಗಾಡಿಗಳನ್ನು ಊರೊಳಗೆ ಬಿಡುವುದಿಲ್ಲ. ಹೆಚ್ಚು ಕಡಿಮೆ ಮೂರು ಗಂಟೆ ಮೈಸೂರು ರಸ್ತೆಯ ಪಕ್ಕ ನಿಲ್ಲಿಸಿಕೊಂಡು ಕಾಯಬೇಕು. ಉಳಿದ ಡ್ರೈವರುಗಳು ಸೀಟಿನ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಾರೆ. ಇವನು ಗಾಡಿಗೆ ಬೀಗ ಹಾಕಿ ನಡೆಯತೊಡಗುತ್ತಾನೆ. ಹೀಗೆ ನಡೆದೂ ನಡೆದೂ ಬೆಂಗಳೂರಿನ ಫೋಟೋ ತೆಗೆಯುವ ಹುಚ್ಚು ಹತ್ತಿಸಿಕೊಂಡ. ಕೈಯಲ್ಲಿದ್ದದ್ದು ಒಂದು ಸಾಧಾರಣ ಫೋನು, ಅದರ ಗಾಜೂ ಮೂಲೆಯಲ್ಲಿ ಸೀಳು ಬಿಟ್ಟಿತ್ತು.

ನಾನು ಪ್ರಸನ್ನ, ಮಂಡ್ಯದಲ್ಲಿ ಸ್ಟುಡಿಯೋ ಇಟ್ಟುಕೊಂಡವನು. ಫೋನಿನಲ್ಲಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ ಅರ್ಧ ಅನ್ನ ಕಸಿದವರು ಅವರು. ಯತೀಶ ಮೊದಲ ಸಲ ತನ್ನ ಫೋಟೋಗಳನ್ನು ತೋರಿಸಲು ಬಂದಾಗ ಗೇಲಿ ಮಾಡಲು ಸಿದ್ಧನಾಗಿಯೇ ಕೂತಿದ್ದೆ. ರಸ್ತೆಗುಂಡಿಯ ನೀರಿನಲ್ಲಿ ತಲೆಕೆಳಗಾಗಿ ಓಡುವ ಮೆಟ್ರೊ. ಹೂವಿನವಳ ಬುಟ್ಟಿಯೊಳಗೆ ಬಿದ್ದ ಫ್ಲೈಓವರಿನ ನೆರಳು. ಬಸ್ಸಿನ ಕಿಟಕಿಗೆ ಹಣೆಯಿಟ್ಟು ನಿದ್ದೆಹೋದ ಹುಡುಗಿ, ಅದೇ ಗಾಜಿನ ಮೇಲೆ ಇಡೀ ರಸ್ತೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನನ್ನ ಬಾಯಿ ಬಂದಾಗಿತ್ತು.

"ಜೂಮ್ ಮಾಡಿಲ್ವೇನ್ಲಾ?" ಎಂದೆ.

"ಜೂಮ್ ಮಾಡುದ್ರೆ ಎಲ್ಲ ಹಿಟ್ಟಾಯ್ತದೆ ಕಣ್ಲಾ. ಅತ್ರ ಬೇಕು ಅಂದ್ರೆ ನಾನೇ ಅತ್ರ ಓಯ್ತೀನಿ. ಕಾಲು ಯಾಕವೆ ಮತ್ತೆ?"

ಅವನ ವಿದ್ಯೆಯೆಲ್ಲ ಇಷ್ಟೇ. ಅಂಗಿಯ ಅಂಚಿನಿಂದ ಲೆನ್ಸ್ ಒರೆಸುವುದು. ಫೋನನ್ನು ತಲೆಕೆಳಗು ಹಿಡಿದು ನೆಲಕ್ಕೆ ತಾಗಿಸುವುದು. ಮೊದಲು ಬೆಳಕು ಬಿದ್ದ ಜಾಗ ಹುಡುಕಿ, ಆಮೇಲೆ ಅದರೊಳಗೆ ಯಾರಾದರೂ ಬರಲಿ ಎಂದು ಕಾಯುವುದು. ಕಾಯುವುದೆಂದರೆ ಆಗದವನು ಇದೊಂದಕ್ಕೆ ಕಾಯುತ್ತಿದ್ದ, ಅದೂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ. ಯಾರನ್ನೂ ಕೇಳಿ ತೆಗೆಯುತ್ತಿರಲಿಲ್ಲ. "ಕೇಳುದ್ರೆ ರೇಷನ್ ಕಾರ್ಡ್ ಫೋಟೋಗೆ ನಿಂತಂಗೆ ಸೆಟ್ಕಂಡು ನಿಂತ್ಕತಾರೆ" ಎನ್ನುತ್ತಿದ್ದ.

ಊರಿನವರ ಮೇಲೆ ಅವನಿಗೊಂದು ಸಿಟ್ಟಿತ್ತು. ನಮ್ಮ ಕಡೆ ಯಾರ ಕೈಗೆ ಫೋಟೋ ಕೊಟ್ಟರೂ ಮೊದಲು ಕೇಳುವುದು "ಇದ್ಯಾರು, ಯಾರ ಮನೆಯವ್ರು" ಎಂದು. ಬೆಳಕು, ನೆರಳು ಯಾರಿಗೂ ಬೇಡ. ಗೊತ್ತಿಲ್ಲ ಎಂದರೆ, "ಗೊತ್ತಿಲ್ದೋರ ಫೋಟೋ ಯಾಕ್ಲಾ ತೆಗ್ದೆ?" ಎಂದು ಇವನನ್ನೇ ಬೈಯುತ್ತಾರೆ. ಅದಕ್ಕೇ ಬೆಂಗಳೂರು ಅವನಿಗೆ ಅಷ್ಟು ಇಷ್ಟವಾಗಿದ್ದು.

ಕಳೆದ ಮಾಘದಲ್ಲಿ ಒಂದು ಫೋಟೋ ತಂದ. ಮೆಟ್ರೊ ಕಂಬದ ಕಟ್ಟೆಯ ಮೇಲೆ ಒಬ್ಬ ಹೆಂಗಸು, ಮೂವತ್ತರ ಒಳಗಿನವಳು, ಚಪ್ಪಲಿ ಬಿಟ್ಟು ಕಾಲು ಮಡಿಸಿ ಕೂತು ಡಬ್ಬಿಯಿಂದ ತಿನ್ನುತ್ತಿದ್ದಾಳೆ. ಸುತ್ತಲೂ ಕೆಲಸಕ್ಕೆ ಓಡುವವರ ಕಾಲುಗಳು, ಎಲ್ಲ ಮಸುಕು. ಎರಡು ಕಂಬಗಳ ನಡುವಿನಿಂದ ಬಂದ ಬಿಸಿಲು ಅವಳೊಬ್ಬಳ ಮೇಲೆ ಬಿದ್ದಿದೆ. ಇಡೀ ಊರಿನಲ್ಲಿ ಅವಸರವಿಲ್ಲದವಳು ಅವಳೊಬ್ಬಳೇ ಎನಿಸುವಂಥ ಚಿತ್ರ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಬೆಂಗಳೂರಿನ ಒಂದು ಫೋಟೋ ಬಳಗದವರು ಪ್ರದರ್ಶನಕ್ಕೆ ಚಿತ್ರಗಳನ್ನು ಆಹ್ವಾನಿಸಿದ್ದರು. ಅದನ್ನು ಕಳಿಸಿದವನು ನಾನೇ. ಜೊತೆಗೆ ನನ್ನ ದೊಡ್ಡ ಕ್ಯಾಮರಾದ್ದೂ ಎರಡು ಕಳಿಸಿದೆ. ನನ್ನವೆರಡೂ ವಾಪಸು ಬಂದವು, ಅವನದು ಆಯ್ಕೆಯಾಯಿತು. ಆರಡಿ ಎತ್ತರಕ್ಕೆ ಮಾಡಿಸಿ ಬಾಗಿಲ ಎದುರಿನ ಗೋಡೆಗೇ ಹಾಕುತ್ತಾರಂತೆ. ಒಂದೇ ಷರತ್ತು: ಮುಖ ಗುರುತು ಸಿಗುವುದರಿಂದ ಆ ಹೆಂಗಸಿನ ಒಪ್ಪಿಗೆಯ ಸಹಿ ಬೇಕು, ಶನಿವಾರದೊಳಗೆ.

ಯತೀಶ ಸೋಮವಾರ ಹೋಗಿ ಅದೇ ಕಂಬದ ಹತ್ತಿರ ನಿಂತ, ಅವಳಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಬುಧವಾರ ಸಂಜೆ ಸ್ಟುಡಿಯೋಗೆ ಬಂದು ಅತ್ತಿಂದಿತ್ತ ಓಡಾಡಿ ನನ್ನ ತಲೆ ತಿಂದ. "ಕೋಟಿ ಜನ್ರಲ್ಲಿ ಎಲ್ಲಿ ಅಂತ ಉಡ್ಕನ್ಲಾ?"

ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಡಬ್ಬಿಯಲ್ಲಿದ್ದದ್ದು ರಾಗಿ ಮುದ್ದೆ. ಬೆಂಗಳೂರಿನ ಬೀದಿಯಲ್ಲಿ ಬೆಳಗ್ಗೆ ಎಂಟೂವರೆಗೆ ಮುದ್ದೆ ಮುರಿಯುವವಳು ನಮ್ಮ ಕಡೆಯವಳಲ್ಲದೆ ಇನ್ಯಾರು? "ಲೇ, ನಿಮ್ಮ ಗಾಡಿಯವ್ರ ವಾಟ್ಸಾಪ್ ಗುಂಪ್ಗೆ ಆಕು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯವ್ರು ಅವ್ರೆ. ಯಾರಾದ್ರೂ ಏಳ್ತಾರೆ" ಎಂದೆ. ಊರಿನಲ್ಲಿ ಯಾರನ್ನಾದರೂ ಹುಡುಕಬೇಕೆಂದರೆ ಸಿಕ್ಕಿದವರನ್ನು ಕೇಳುತ್ತ ಹೋಗುವುದು ತಾನೇ ನಮ್ಮ ಪದ್ಧತಿ. ಇಬ್ಬರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಇಪ್ಪತ್ತೇ ನಿಮಿಷ. "ಕಿರುಗಾವಲು ಪಟ್ಟಲಮ್ಮನ ಮಗಳು ನಯನ ಅಲ್ವಾ ಇದು?" ಎಂದು ಒಬ್ಬ ಬರೆದ. ಇನ್ನೊಬ್ಬ, "ಯಾವ ಜಾಗ ಇದು, ಯಾವಾಗ ತೆಗ್ದಿದ್ದು?" ಎಂದು ಕೇಳಿದ. ಯತೀಶ ಕುಣಿದಾಡುತ್ತಲೇ ಉತ್ತರ ಬರೆದ: ಅತ್ತಿಗುಪ್ಪೆ, ಕಂಬದ ನಂಬರ್ ಸಮೇತ, ಬೆಳಗ್ಗೆ ಎಂಟೂವರೆ.

ಗುರುವಾರ ಮಧ್ಯಾಹ್ನ ಅವನ ಫೋನಿಗೆ ಪಟ್ಟಲಮ್ಮನ ಕರೆ ಬಂತು. ಆಗ ಅವನು ನನ್ನ ಸ್ಟುಡಿಯೋದಲ್ಲೇ ಇದ್ದ. ಆಯಮ್ಮನ ದನಿ ನನಗೂ ಕೇಳುತ್ತಿತ್ತು.

"ಯಾರಪ್ಪ ನೀನು? ನನ್ ಮಗಳು ನಿನ್ಗೇನ್ ಮಾಡಿದ್ಲು?"

"ಏನಾಯ್ತವ್ವ?"

"ಅವ್ಳ ಗಂಡ ಕೈ ಮುರ್ದಾಕಿದ್ದ ಕಣಪ್ಪ. ಅಲ್ಲಿಂದ ತಪ್ಸಿ ನಾನೇ ಬೆಂಗ್ಳೂರ್ ಬಸ್ ಅತ್ಸಿದ್ದೆ. ಎಂಟ್ ತಿಂಗ್ಳಾಯ್ತು. ಅವ್ನು ನನ್ ಬಾಗ್ಲಲ್ಲಿ ನಿಂತು ಕೂಗಾಡುದ್ರೂ ಬಾಯ್ ಬುಟ್ಟಿಲ್ಲ ನಾನು. ನೀನು ಕಂಬದ ನಂಬರ್ ಬರ್ದಿದ್ದೀಯಂತೆ. ನಾಳೆ ಬೆಳಿಗ್ಗೆ ಓಯ್ತೀನಿ ಅಂತ ಊರೆಲ್ಲ ಏಳ್ಕಂಡ್ ತಿರುಗ್ತಾವ್ನೆ."

ಯತೀಶ ಗೋಡೆಗೆ ಕೈಯೂರಿ ನಿಂತ. ಅವನು ಅಷ್ಟು ಹೊತ್ತು ಒಂದೇ ಕಡೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಗುಂಪಿನಿಂದ ಫೋಟೋ ಅಳಿಸಿದ. ಅದು ಆಗಲೇ ಇನ್ನೆಷ್ಟು ಗುಂಪುಗಳಿಗೆ ಹೋಗಿತ್ತೋ. ಅವಳ ಒಪ್ಪಿಗೆ ಕೇಳಬೇಕೆಂದು ಹೊರಟು, ಅವಳನ್ನು ಕೇಳದೆಯೇ ಮೂರು ತಾಲ್ಲೂಕಿಗೆ ತೋರಿಸಿದ್ದೆವು. ಹಾಕು ಎಂದವನು ನಾನು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಪಟ್ಟಲಮ್ಮನೇ ಮತ್ತೆ ಮಾತಾಡಿದರು. "ಗಾಡಿ ಐತಂತಲ್ಲ ನಿಂದು. ಅವ್ಳು ರೂಮ್ ಬದ್ಲಾಯಿಸ್ಬೇಕು. ಸಾಮಾನು ಸಾಗ್ಸಿ ಕೊಡು. ಅಷ್ಟಾದ್ರೂ ಮಾಡು."

ಶುಕ್ರವಾರ ನಾನೂ ಗಾಡಿ ಹತ್ತಿದೆ. ಅಂದು ಲೋಡು ಇರಲಿಲ್ಲ. ಆದರೂ ಗೂಡ್ಸ್ ಗಾಡಿ ಗೂಡ್ಸ್ ಗಾಡಿಯೇ, ಎಂದಿನ ಜಾಗದಲ್ಲೇ ತಡೆದರು. ಗಂಟೆ ಎಂಟು. ಮಳವಳ್ಳಿಯಿಂದ ಮೊದಲ ಬಸ್ಸಿಗೆ ಹತ್ತಿದ್ದರೆ ನಯನಳ ಗಂಡ ಆಗಲೇ ಊರೊಳಗಿರಬೇಕು. ಯತೀಶ ಸ್ಟೇರಿಂಗಿಗೆ ಎರಡು ಸಲ ಗುದ್ದಿದ. "ಕಾಯಕ್ಕಾಗಲ್ಲ ಕಣ್ಲಾ, ನಡಿ" ಎಂದು ಇಳಿದೇಬಿಟ್ಟ.

ಎರಡು ಕಿಲೋಮೀಟರು ಹೆಚ್ಚುಕಡಿಮೆ ಓಡಿದೆವು. ಪಟ್ಟಲಮ್ಮ ಗುರುತು ಹೇಳಿದ್ದ ಗಲ್ಲಿಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ, ಗಾರ್ಮೆಂಟ್ಸಿಗೆ ಹೋಗುವ ಹೆಂಗಸರ ಜೊತೆ ಅವಳ ವಾಸ. ಬಾಗಿಲು ತೆರೆದು ಹೆಸರು ಕೇಳಿದಳು, ಹೇಳಿದೆವು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸಾಮಾನು ಆಗಲೇ ಕಟ್ಟಿಟ್ಟಿದ್ದಳು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಪಾತ್ರೆಯ ಚೀಲ. ಶಿಫ್ಟು ಬದಲಾಗಿದ್ದರಿಂದ ಆ ವಾರ ಕಟ್ಟೆಯ ಕಡೆ ಹೋಗಿರಲಿಲ್ಲವಂತೆ.

ಗಾಡಿಯ ಕಡೆಗಿದ್ದದ್ದು ಒಂದೇ ದಾರಿ, ಅದು ಆ ಕಂಬವನ್ನು ಹಾದೇ ಹೋಗಬೇಕು. ಯತೀಶ ಟ್ರಂಕನ್ನು ಹೆಗಲಿಗೆ ಹಾಕಿಕೊಂಡ. ನಾನು ಪಾತ್ರೆ ಚೀಲ ಹಿಡಿದೆ. ಹಾಸಿಗೆ ಸುರುಳಿಯನ್ನು ಅವಳೇ ತಲೆಯ ಮೇಲಿಟ್ಟುಕೊಂಡಳು. ಆಫೀಸಿಗೆ ಹೋಗುವ ಜನ ನಮ್ಮನ್ನು ಬಳಸಿಕೊಂಡು ಓಡುತ್ತಿದ್ದರು. ರಸ್ತೆಯ ಆಚೆ, ಅದೇ ಕಟ್ಟೆಯ ಮೇಲೆ, ಬಿಳಿ ಅಂಗಿಯ ಒಬ್ಬ ಗಂಡಸು ನಿಂತಿದ್ದ. ಹೋಗುವ ಬರುವ ಹೆಂಗಸರ ಮುಖವನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದ. ನಯನಳ ಹೆಜ್ಜೆ ಒಮ್ಮೆ ತಪ್ಪಿತು. ಅಷ್ಟು ಸಾಕಾಯಿತು, ಅವನು ಯಾರೆಂದು ನಮಗೆ ಗೊತ್ತಾಯಿತು. ಯತೀಶ ಟ್ರಂಕನ್ನು ಆ ಬದಿಯ ಹೆಗಲಿಗೆ ಬದಲಿಸಿ ಅವಳ ಪಕ್ಕಕ್ಕೇ ಬಂದ. ಅವಳ ಮುಖಕ್ಕೆ ಟ್ರಂಕು ಅಡ್ಡವಾಯಿತು. ಹಾಗೇ ಓಡದೆ, ನಿಲ್ಲದೆ, ಕೂಲಿಯವರು ನಡೆಯುವಂತೆ ನಡೆದೆವು. ನನ್ನ ಕೈಯಲ್ಲಿದ್ದ ಪಾತ್ರೆಗಳು ಸದ್ದು ಮಾಡುತ್ತಿದ್ದವು. ಅವು ಅಷ್ಟು ಜೋರಾಗಿ ಸದ್ದು ಮಾಡುತ್ತವೆಂದು ನನಗೆ ಆವತ್ತೇ ತಿಳಿದದ್ದು.

ಗಾಡಿಯಲ್ಲಿ ಕೂತು ಊರಿನ ಹೊರಸುತ್ತಿನ ರಸ್ತೆ ಹಿಡಿದ ಮೇಲೆ ಅವಳು ಕೈ ಚಾಚಿದಳು. "ಎಲ್ಲಿ, ಆ ಫೋಟೋ ತೋರ್ಸಣ್ಣ."

ಯತೀಶ ಫೋನು ಕೊಟ್ಟ. ಅವಳು ಬಹಳ ಹೊತ್ತು ನೋಡಿದಳು. "ಇಷ್ಟು ನೆಮ್ಮದಿಯಾಗಿ ಕೂತಿದ್ನಾ ನಾನು?" ಎಂದಳು. ಆಮೇಲೆ, "ಏನೋ ಸೈನ್ ಬೇಕು ಅಂದ್ರಂತೆ. ಕಾಗ್ದ ಎಲ್ಲೈತೆ?"

ನಾನು ಜೇಬಿನಿಂದ ತೆಗೆದು ಕೊಟ್ಟೆ. ಕೊಡಬಾರದಿತ್ತು. ಆ ಕ್ಷಣದಲ್ಲೂ ನನಗೆ ಆರಡಿಯ ಗೋಡೆ ಕಣ್ಮುಂದೆ ಬಂತು, ನನ್ನಂಥವನನ್ನು ಏನೆನ್ನಬೇಕು? ಅವಳು ಒಂದೊಂದೇ ಸಾಲು ಓದಿದಳು. "ಇದ್ರಲ್ಲೂ ಅಡ್ರೆಸ್ ಕೇಳವ್ರಲ್ಲಣ್ಣ" ಎಂದು ಮಡಿಸಿ ವಾಪಸು ಕೊಟ್ಟಳು. ಯತೀಶ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಅಲ್ಲೇ ಬಳಗದವರಿಗೆ ಫೋನು ಮಾಡಿ, ನನ್ನ ಚಿತ್ರ ಹಾಕಬೇಡಿ ಎಂದ. ಅವರು ಏನೇನೋ ಹೇಳಿದರು. "ಬ್ಯಾಡ ಅಂದ್ರೆ ಬ್ಯಾಡ ಸಾರ್" ಎಂದು ಇಟ್ಟುಬಿಟ್ಟ. ಫೋಟೋವನ್ನು ಅವಳೆದುರೇ ಅಳಿಸಿದ.

ಹೊಸ ರೂಮು ಎಲ್ಲಿ ಎಂದು ನಾವು ಕೇಳಲಿಲ್ಲ, ಅವಳು ದಾರಿ ತೋರಿಸುತ್ತ ಹೋದಳು. ನಾಲ್ಕು ದಾರಿ ಕೂಡುವ ಒಂದು ಸರ್ಕಲ್ಲಿನಲ್ಲಿ, "ಇಲ್ಲೇ ನಿಲ್ಸಣ್ಣ" ಎಂದಳು. ಅಲ್ಲಿ ಮನೆಗಳೇ ಇರಲಿಲ್ಲ, ಒಂದು ಪೆಟ್ರೋಲ್ ಬಂಕು, ಒಂದು ಬಸ್ ಸ್ಟಾಪು.

"ಟ್ರಂಕು ಬಾರ ಐತೆ ಕಣಮ್ಮ, ಮನೆ ತಂಕ ತಂದ್ಕೊಡ್ತೀವಿ" ಎಂದ ಯತೀಶ.

"ಬ್ಯಾಡಣ್ಣ. ನಾನೇ ಎತ್ಕತೀನಿ."

ಇಳಿಸಿಕೊಟ್ಟು ನಿಂತೆವು. ಅವಳು ಅಲುಗಲಿಲ್ಲ. ನಾವು ಕಾಯುತ್ತಿದ್ದೆವು, ಅವಳೂ ಕಾಯುತ್ತಿದ್ದಳು. ಕೊನೆಗೆ ಅವಳೇ, ತುಂಬ ಮರ್ಯಾದೆಯಿಂದ, "ನೀವು ಮೊದ್ಲು ಒರಡಿ ಅಣ್ಣ" ಎಂದಳು.

ಗಾಡಿ ಹೊರಟಿತು. ನಾನು ಪಕ್ಕದ ಕನ್ನಡಿಯಲ್ಲಿ ನೋಡುತ್ತಿದ್ದೆ.

"ಇನ್ನೂ ನಿಂತವ್ಳಾ?" ಎಂದ ಯತೀಶ. ಅವನು ತಿರುಗಿ ನೋಡಲಿಲ್ಲ.

"ನಿಂತವ್ಳೆ. ನಮ್ಮ ಕಡೇನೇ ನೋಡ್ತಾವ್ಳೆ."

"ಬಿಸ್ಲು ಕಣ್ಲಾ. ನಾವು ಮರೆಯಾಗೋಗಂಟ ಅವ್ಳು ಅಲ್ಲಿಂದ ಕದ್ಲಕ್ಕಿಲ್ಲ" ಎಂದು ಗಾಡಿಯನ್ನು ಜೋರು ಮಾಡಿದ.