ತಂಗಡಿ ಹೂವಿಗೆ ತಾಗಿದ ಕಾರ

ರಾಣೆಬೆನ್ನೂರಿನ ಹೊರಗಿನ ಕುರುಚಲು ಗುಡ್ಡಕ್ಕೆ ಇನ್ನೂ ಬಿಸಿಲು ಮುಟ್ಟಿಲ್ಲ. ಜಯವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಂಗಡಿ ಗಿಡಗಳ ನಡುವೆ ಬಗ್ಗಿದ್ದಾರೆ. ಹಳದಿ ಹೂವಿನ ಗೊಂಚಲು ಚಿವುಟಿ ಬಟ್ಟೆಯ ಚೀಲಕ್ಕೆ ಹಾಕುತ್ತಾರೆ. ಯಾವ ಗಿಡವನ್ನೂ ಬೋಳಿಸುವುದಿಲ್ಲ, ಇಲ್ಲೆರಡು ಅಲ್ಲೆರಡು ತೆಗೆದು ಮುಂದಕ್ಕೆ ಹೋಗುತ್ತಾರೆ. ಬಿಸಿಲೇರಿದರೆ ಹೂವು ಬಾಡುತ್ತದೆ, ಜೇನುಹುಳಗಳೂ ಬರುತ್ತವೆ. “ಅವು ಬರೂದ್ರಾಗ ನಮ್ಮ ಕೆಲಸ ಮುಗೀಬೇಕ್ರಿ. ಹೂವು ಅವುಕ್ಕೂ ಬೇಕಲ್ಲ” ಎನ್ನುತ್ತಾರೆ, ಕೈ ನಿಲ್ಲಿಸದೆ.

ಐವತ್ತು ದಾಟಿರುವ ಜಯವ್ವ ಹಾವೇರಿ ಹತ್ತಿರದ ಅಗಡಿಯವರು. ಹಾವೇರಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಹಂಗಾಮಿ ಅಟೆಂಡರ್. ಗಂಡ ತೀರಿಕೊಂಡ ವರ್ಷ ಗಾಜಿನ ಸಾಮಾನು ತೊಳೆಯಲೆಂದು ಸೇರಿದವರು, ಈಗ ಗಿಡ ತರುವುದು, ನೆರಳಲ್ಲಿ ಒಣಗಿಸುವುದು, ಪುಡಿ ಮಾಡಿ ಜಾಡಿ ತುಂಬುವುದು ಎಲ್ಲಕ್ಕೂ ಅವರೇ. ಬೆಳಗಿನ ಮೊದಲ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಪಾತ್ರೆ ತೊಳೆಯುವ ಸೋಡಾ ತಿಂದು ಬೆರಳ ತುದಿಗಳು ನುಣ್ಣಗಾಗಿವೆ.

ಇಷ್ಟಕ್ಕೂ ಈ ಹೂವು ಯಾಕೆ? ನೀರು ಕಾಣದ ನೆಲದಲ್ಲಿ, ಕಲ್ಲು ಕಾಯುವ ಬಿಸಿಲಲ್ಲಿ ಬದುಕುವ ಗಿಡಗಳು ತಮ್ಮನ್ನು ಕಾಪಾಡಿಕೊಳ್ಳಲು ಒಡಲೊಳಗೇ ಕೆಲವು ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತವೆ. ಅವು ಯಾವುವು, ಮನುಷ್ಯನ ಮೈಗೂ ಆಗಿಬರುತ್ತವೆಯೇ ಎಂಬುದು ಆ ಪ್ರಯೋಗಾಲಯದ ಸಂಶೋಧಕರ ಹುಡುಕಾಟ. ಉತ್ತರಾಣಿ, ನೆಗ್ಗಿಲುಮುಳ್ಳು, ಎಕ್ಕೆ ಎಲ್ಲವೂ ಅಲ್ಲಿಗೆ ಬಂದು ಹೋಗಿವೆ. ಹಿತ್ತಲ ಗಿಡ ಮದ್ದಲ್ಲ ಎಂದವರು ಒಮ್ಮೆ ಅಲ್ಲಿನ ಕಪಾಟು ನೋಡಿ ಬರಬೇಕು. ಜಯವ್ವ ಇದನ್ನೆಲ್ಲ ಅಡುಗೆಮನೆಯ ಭಾಷೆಯಲ್ಲಿ ಹೇಳುತ್ತಾರೆ: “ಬದ್ನಿಕಾಯಿ ಹೆಚ್ಚಿ ಹಂಗ ಬಿಟ್ರ ಕರ್ರಗಾಗತೈತಿ, ಉಪ್ಪುನೀರಾಗ ಹಾಕಿದ್ರ ತಡೀತೈತಿ. ನಮ್ಮ ಮೈಯಾಗ ಹಂಗ ಕೆಡೂದನ್ನ ತಡಿಯೂ ಗುಣ ಈ ಗಿಡದಾಗ ಎಷ್ಟೈತಿ ಅಂತ ನೋಡ್ತಾರ್ರಿ.” ಪರೀಕ್ಷೆಯೂ ಕಣ್ಣಿಗೆ ಕಾಣುವಂಥದ್ದೇ. ನೇರಳೆ ಬಣ್ಣದ ದ್ರಾವಣಕ್ಕೆ ಗಿಡದ ಸಾರ ಬೆರೆಸುತ್ತಾರೆ. ಬಣ್ಣ ಕಳೆದು ಹಳದಿಗೆ ತಿರುಗಿದಷ್ಟೂ ಗಿಡದ ಶಕ್ತಿ ಹೆಚ್ಚು.

ಎರಡು ವರ್ಷದ ಹಿಂದೆ, 2007ರಲ್ಲಿ, ಇದೇ ಗುಡ್ಡದ ತಂಗಡಿ ಹೂವು ಜಯವ್ವನನ್ನು ಪರೀಕ್ಷೆಗೆ ಒಡ್ಡಿತು. ಆಗ ತಂಗಡಿಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದವರು ನಿರ್ಮಲಾ, ಬ್ಯಾಡಗಿಯ ಹುಡುಗಿ. ಹೂವು ಒಣಗಿ ಪುಡಿಗೆ ಸಿದ್ಧವಾದ ದಿನವೇ ಪ್ರಯೋಗಾಲಯದ ಮಿಕ್ಸರ್ ಸುಟ್ಟಿತು. ಮರುದಿನ ಪುಡಿ ಬೇಕೇ ಬೇಕು. ನಿರ್ಮಲಾ ತಲೆಯ ಮೇಲೆ ಕೈಹೊತ್ತು ಕೂತದ್ದನ್ನು ಜಯವ್ವನಿಂದ ನೋಡಲಾಗಲಿಲ್ಲ. ಹೇಗಾದರೂ ಮಾಡಿಸಿ ತರುತ್ತೇನೆಂದು ಹೂವಿನ ಚೀಲ ಹಿಡಿದು ಬ್ಯಾಡಗಿ ಬಸ್ಸು ಹತ್ತಿಬಿಟ್ಟರು.

ಬ್ಯಾಡಗಿ ಅವರ ತವರು. ತಂಗಿ ಗುಡ್ಡವ್ವನದು ಅಲ್ಲಿ ಮೆಣಸಿನಕಾಯಿ ಪುಡಿ ಮಾಡುವ ಗಿರಣಿ. ಬೇರೆ ಕಾಳು ಹಾಕುವ ಮುಂಚೆ ಹಿಡಿ ಜೋಳ ಹಾಕಿ ಗಿರಣಿ ಶುಚಿ ಮಾಡುವುದು ಅಲ್ಲಿನ ರೂಢಿ. ಅಕ್ಕನ ಕಾಲೇಜಿನ ಕೆಲಸವೆಂದು ಗುಡ್ಡವ್ವ ಇನ್ನೊಂದು ಹಿಡಿ ಜಾಸ್ತಿಯೇ ಹಾಕಿದಳು. ಹೂವಿನ ಪುಡಿ ನುಣ್ಣಗೆ ಬಂತು. ಜಯವ್ವ ಮೂಸಿಯೂ ನೋಡಿದರು. ಚಿಕ್ಕಂದಿನಿಂದ ಮೆಣಸಿನಕಾಯಿ ರಾಶಿಯ ಬದಿಯಲ್ಲೇ ಕೂತು ತೊಟ್ಟು ಮುರಿದ ಮೂಗು ಅದು, ಏನೂ ಇಲ್ಲವೆಂದಿತು. ನಿರ್ಮಲಾ ಅವರ ಮೂಗೂ ಅದೇ ಊರಿನದು, ಅದೂ ಹಾಗೇ ಸಾಕ್ಷಿ ಹೇಳಿತು. ಹೂವಿನ ಪುಡಿಯ ಬಣ್ಣದಲ್ಲಿ ಕೆಂಪು ಅಡಗಿ ಕೂತಿತು.

ಪರೀಕ್ಷೆಯಲ್ಲಿ ನೇರಳೆ ಬಣ್ಣ ನೋಡನೋಡುತ್ತಿದ್ದಂತೆ ಕಳೆದುಹೋಯಿತು. ಯಾವ ಗಿಡದ್ದೂ ಅಷ್ಟು ಬಂದಿರಲಿಲ್ಲ. ಮಾರ್ಗದರ್ಶಕರು ನಿರ್ಮಲಾ ಅವರ ಬೆನ್ನು ತಟ್ಟಿದರು, ಧಾರವಾಡದ ವಿಚಾರ ಸಂಕಿರಣದಲ್ಲಿ ಇದನ್ನೇ ಮಂಡಿಸುವುದೆಂದು ಗೊತ್ತಾಯಿತು. ಜಯವ್ವನಿಗೂ ಖುಷಿ, ತನ್ನ ಗುಡ್ಡದ ಹೂವಲ್ಲವೇ.

ಸಂಕಿರಣಕ್ಕೆ ಇನ್ನೊಂದು ವಾರವಿರುವಾಗ ಶಿರಸಿ ಕಡೆಯ ಸುನಿತಾ ಎಂಬ ವಿದ್ಯಾರ್ಥಿನಿ ಹೊಸದಾಗಿ ಸೇರಿದಳು. ಏನೋ ಕುತೂಹಲಕ್ಕೆ ತಂಗಡಿಯ ಜಾಡಿ ತೆರೆದು ಮೂಸಿದವಳೇ ಸೀನತೊಡಗಿದಳು. ಒಂದರ ಹಿಂದೊಂದು ಸೀನು, ಕಣ್ಣು ಮೂಗಲ್ಲೆಲ್ಲ ನೀರು. ನೆಗಡಿ ಇರಬೇಕೆಂದು ಉಳಿದವರು ನಕ್ಕರು. ಮೂಲೆಯಲ್ಲಿ ಗಾಜು ತೊಳೆಯುತ್ತಿದ್ದ ಜಯವ್ವ ಮಾತ್ರ ನಗಲಿಲ್ಲ. ಅಂಥ ಸೀನನ್ನು ಅವರು ಬ್ಯಾಡಗಿಗೆ ಬರುವ ಹೊಸಬರಲ್ಲಿ ಹುಟ್ಟಿದಾಗಿನಿಂದ ಕಂಡಿದ್ದಾರೆ.

ಅಲ್ಲಿಂದ ಅವರ ಬಾಯಲ್ಲಿ ಬಿಸಿತುಪ್ಪ. ಹೇಳಿದರೆ ಹಂಗಾಮಿ ಕೆಲಸ ಹೋದಂತೆಯೇ, ಮನೆಯಲ್ಲಿ ದುಡಿಯುವ ಬೇರೆ ಕೈ ಇಲ್ಲ. ಹೇಳದಿದ್ದರೆ ಮಗಳಂಥ ಹುಡುಗಿ ನಾಲ್ಕು ಮಂದಿ ತಿಳಿದವರ ಮುಂದೆ ನಿಂತು ಇಲ್ಲದ್ದನ್ನು ಇದೆ ಎನ್ನಬೇಕಾಗುತ್ತದೆ. ಆ ದಿನ ಬುತ್ತಿ ಬಿಚ್ಚದೆ ಹಾಗೇ ಮನೆಗೆ ಒಯ್ದರು. ಮರುದಿನ ನಿರ್ಮಲಾ ಬಂದು ಚೀಲ ಇಡುವ ಮೊದಲೇ ಎದುರಿಗೆ ಹೋಗಿ ನಿಂತರು.

“ಬಾಯಾರ, ಆ ಹೂವಿನ ಪುಡಿ ನಾ ನಮ್ಮ ತಂಗಿ ಕಾರದ ಗಿರಣ್ಯಾಗ ಮಾಡಿಸಿದ್ದೆ. ಅದರಾಗಿನ ಶಕ್ತಿ ತಂಗಡಿದ ಅಲ್ಲೇನೋ, ಮೆಣಸಿನಕಾಯಿದ ಇರಬೇಕು.”

ಒಣಮೆಣಸಿನಕಾಯಿಯ ಕೆಂಪಿಗೂ ನೇರಳೆ ಬಣ್ಣ ಕಳೆಯುವ ಅದೇ ಗುಣವಿದೆ ಎಂಬುದು ನಿರ್ಮಲಾಗೆ ಪಾಠದಿಂದಲೇ ಗೊತ್ತು. ಎರಡು ದಿನ ಜಯವ್ವನ ಜೊತೆ ಮಾತಿಲ್ಲ. ಮೂರನೆಯ ದಿನ ಮಾರ್ಗದರ್ಶಕರ ಕೋಣೆಗೆ ಇಬ್ಬರೂ ಹೋದರು. ಜಯವ್ವ ತಲೆ ತಗ್ಗಿಸಿ ನಿಂತಿದ್ದರೆ ನಿರ್ಮಲಾ ತಾವೇ ಮುಂದಾಗಿ, ಪುಡಿ ಎಲ್ಲಿ ಮಾಡಿಸಿದಿರಿ ಎಂದು ಒಂದು ಮಾತು ಕೇಳದ ತಪ್ಪು ತಮ್ಮದು ಎಂದರು. ಆ ಹಿರಿಯರು, ತಾವಾಗಿ ಬಂದು ಹೇಳಿದವರನ್ನು ಕೆಲಸದಿಂದ ಕಳಿಸಿ ಅಂಥ ಇನ್ನೊಬ್ಬರನ್ನು ಎಲ್ಲಿಂದ ಹುಡುಕಿ ತರಲಿ ಎಂದು ಕೇಳಿ, ಸಂಕಿರಣದಿಂದ ನಿರ್ಮಲಾ ಅವರ ಹೆಸರು ತೆಗೆಸಿದರು.

ಹೂವಿನ ಕಾಲ ಮುಗಿಯುತ್ತ ಬಂದಿತ್ತು. ಇಬ್ಬರೂ ಇದೇ ಗುಡ್ಡಕ್ಕೆ ಬಂದು ಅಳಿದುಳಿದ ಗೊಂಚಲುಗಳನ್ನು ಹುಡುಕಿ ಹುಡುಕಿ ತಂದರು. ಮನೆಯ ಒರಳಿಗೆ ಜಯವ್ವ ಕೈ ಹಚ್ಚಲಿಲ್ಲ, ಅದರಲ್ಲೂ ಕಾರ ಕುಟ್ಟಿದ್ದೇ. ಪ್ರಯೋಗಾಲಯದ ಪಿಂಗಾಣಿ ಒರಳಿನಲ್ಲಿ ಚಿಟಿಕೆ ಚಿಟಿಕೆಯಾಗಿ ಅರೆದರು, ಅಂಗೈಯಲ್ಲಿ ಬೊಬ್ಬೆ ಎದ್ದವು. ಜಾಡಿ ಮುಚ್ಚುವ ಮುನ್ನ ಸುನಿತಾಳ ಮೂಗಿಗೆ ಹಿಡಿದರು, ಅವಳು ಸೀನಲಿಲ್ಲ. ಬ್ಯಾಡಗಿಯವರಲ್ಲದ ಒಬ್ಬರು ಮೂಸದೆ ಇವತ್ತಿಗೂ ಅಲ್ಲಿ ಯಾವ ಜಾಡಿಯೂ ಮುಚ್ಚುವುದಿಲ್ಲ. “ನನ್ನ ಮೂಗು ಸತ್ತೈತ್ರಿ, ಅದನ್ನ ನಂಬಂಗಿಲ್ಲ” ಎಂದು ಜಯವ್ವ ತಾವೇ ಮಾಡಿದ ಕಟ್ಟಳೆ ಅದು.

ನಿರ್ಮಲಾ ಈಗ ಪಿಎಚ್.ಡಿ. ಮುಗಿಸಿ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಜಯವ್ವನ ಮಾತು ಬಂದರೆ ಅವರ ದನಿ ಮೆತ್ತಗಾಗುತ್ತದೆ. “ಅವತ್ತು ಜಯಕ್ಕ ಸುಮ್ಮನಿದ್ದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ನಾ ಸಾಯೂ ತನಕ ಒಂದು ಸುಳ್ಳಿನ ಮ್ಯಾಲೆ ಕುಂತಿರ್ತಿದ್ದೆ. ಅವರ ಋಣ ನಾ ಹೆಂಗ ತೀರಸಲಿ?” ಜಯವ್ವನನ್ನು ಕೇಳಿದರೆ ಋಣವೆಲ್ಲ ತಮ್ಮ ಮೇಲೆಯೇ ಇದೆ ಎನ್ನುತ್ತಾರೆ, ಕೆಲಸ ಉಳಿಸಿದವರು ಅವರಲ್ಲವೇ ಎಂದು. ಔಷಧಿಯ ಸುದ್ದಿ ಓದಿ ಸಂತೋಷಪಡುವ ನಾವು ಇಂಥವರಿಗೂ ಕೈ ಮುಗಿಯಬೇಕು. ಅವರು ಹೇಳಿದ ನಿಜದ ಮೇಲೆಯೇ ಆ ಸುದ್ದಿ ನಿಂತಿರುತ್ತದೆ.

ಎರಡನೆಯ ಪರೀಕ್ಷೆಯ ದಿನ ಜಯವ್ವ ಬಾಗಿಲಲ್ಲೇ ನಿಂತಿದ್ದರಂತೆ. ನಿರ್ಮಲಾ ಒಳಗೆ ಕರೆದು ನಳಿಕೆಯನ್ನು ಅವರ ಕೈಗೇ ಕೊಟ್ಟರು. ಈ ಸಲ ನೇರಳೆ ಬಣ್ಣ ಅವಸರ ಮಾಡಲಿಲ್ಲ. ಮೆಲ್ಲಗೆ ತಿಳಿಯಾಗುತ್ತ ಹೋಗಿ ಹಳದಿಯ ಹತ್ತಿರ ನಿಂತಿತು. ಮೊದಲು ಬಂದದ್ದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಕಡಿಮೆ ಬಂದದ್ದು ನೋಡಿ ಬೇಸರವಾಗಲಿಲ್ಲವೇ ಎಂದರೆ ಜಯವ್ವ ಇಲ್ಲವೆಂದು ತಲೆಯಾಡಿಸುತ್ತಾರೆ.

“ಯಾಕ ಬ್ಯಾಸರ್ರಿ? ಬಂದಷ್ಟೂ ತಂಗಡಿದ ಇತ್ತಲ್ಲ.”